ವ್ಯಾಟ್ ನೋಡಿ ಮಿಕ್ಸಿ ತರಬೇಡಿ

ಹಬ್ಬದ ಸೇಲ್ ಶುರುವಾಯ್ತು ಅಂದ್ರೆ ಹಾಸ್ಟೆಲ್ ಕಾರಿಡಾರ್‌ನಲ್ಲಿ ಒಂದು ಪ್ರಶ್ನೆ ಗ್ಯಾರಂಟಿ ಓಡಾಡುತ್ತೆ: "ಮೊದಲನೇ ಸಂಬಳದಲ್ಲಿ ಅಮ್ಮಂಗೆ ಏನ್ ಕೊಡ್ಸೋದು ಮಗಾ?" ಪ್ಲೇಸ್‌ಮೆಂಟ್ ಆಗಿ, ಇಂಟರ್ನ್‌ಶಿಪ್ ಸ್ಟೈಪೆಂಡ್ ಕೈಗೆ ಬರ್ತಿರೋ ಫೈನಲ್ ಇಯರ್‌ನವರ ಪ್ರಶ್ನೆ ಇದು. ಸೀರೆ ಆರಿಸೋಕೆ ನಮಗೆ ಬರಲ್ಲ. ಚಿನ್ನದ ರೇಟು ಕೇಳಿದ್ರೆ ಸ್ಟೈಪೆಂಡೇ ನಾಚಿಕೊಳ್ಳುತ್ತೆ. ಹಾಗಾಗಿ ಎಷ್ಟೋ ಜನ ಕೊನೆಗೆ ಬಂದು ನಿಲ್ಲೋದು ಮಿಕ್ಸಿ ಹತ್ರ. ಆಮೇಲೆ ಶುರುವಾಗುತ್ತೆ ನೋಡಿ ನಮ್ಮ ಎಂಜಿನಿಯರಿಂಗ್ ಬುದ್ಧಿ. 500 ವ್ಯಾಟ್ ಕಂಡ್ರೆ "ಇದೇನು ಆಟದ ಸಾಮಾನಾ" ಅಂತ ಮುಂದಕ್ಕೆ ತಳ್ಳೋದು, 750ಕ್ಕೆ ಸ್ವಲ್ಪ ಯೋಚನೆ ಮಾಡೋದು, 1000 ಅಥವಾ 1200 ಕಂಡ ಕೂಡಲೇ ಕಾರ್ಟಿಗೆ ಹಾಕೋದು. ಊರಿನ ಅಡ್ರೆಸ್ ಕೊಟ್ಟು ಪೇಮೆಂಟ್ ಮಾಡಿದ್ರೆ ಪ್ರೀತಿ ಡೆಲಿವರಿ ಆಯ್ತು.

ಆ ಪ್ರೀತಿ ಬಗ್ಗೆ ನನಗೆ ತಕರಾರಿಲ್ಲ. ಆರಿಸೋ ರೀತಿ ಬಗ್ಗೆ ಇದೆ. ನಾಲ್ಕು ವರ್ಷ ಮಷೀನ್ಸ್, ಮೆಕ್ಯಾನಿಕ್ಸ್, ಥರ್ಮೋ ಓದಿದವರು ಒಂದೇ ಒಂದು ನಂಬರ್ ನೋಡಿ ಮಷೀನ್ ಕೊಳ್ತಾರೆ ಅಂದ್ರೆ, ಅದೂ ತಾವು ಬಳಸದ, ಬೇರೆಯವರು ದಿನಾ ಬಳಸೋ ಮಷೀನು, ಅದು ಸರಿ ಅಂತ ನನಗನಿಸಲ್ಲ.

ಮೊದಲು ಆ ನಂಬರ್ ಏನು ಹೇಳುತ್ತೆ ಅಂತ ನೋಡೋಣ. ಮಿಕ್ಸಿ ಡಬ್ಬದ ಮೇಲಿರೋ ವ್ಯಾಟ್ ಅಂದ್ರೆ ಅದು ಕರೆಂಟಿನಿಂದ ಎಳೆದುಕೊಳ್ಳೋ ಪವರ್. ಬ್ಲೇಡಿಗೆ ಸಿಗೋ ಪವರ್ ಅಲ್ಲ. ನಡುವೆ ವೈಂಡಿಂಗ್ ಬಿಸಿಯಾಗುತ್ತೆ, ಬ್ರಷ್ ಉಜ್ಜುತ್ತೆ, ಫ್ಯಾನ್ ಗಾಳಿ ತಳ್ಳುತ್ತೆ, ಕಿವಿ ಕಿತ್ತುಹೋಗೋ ಸದ್ದಾಗುತ್ತೆ. ಎಲ್ಲ ಕಳೆದು ಉಳಿದದ್ದು ಕೊಬ್ಬರಿಗೆ. ಎರಡು ಕಂಪನಿಗಳ 750 ವ್ಯಾಟ್ ಮಿಕ್ಸಿ ಒಂದೇ ಥರ ರುಬ್ಬಲ್ಲ ಅನ್ನೋದಕ್ಕೆ ಇದೇ ಒಂದು ಕಾರಣ. ಬ್ಲೇಡಿನ ಆಕಾರ, ಜಾರಿನ ಒಳಗಿರೋ ಅಡ್ಡಪಟ್ಟಿಗಳು, ಬ್ಲೇಡಿಗೂ ತಳಕ್ಕೂ ನಡುವಿನ ಸಂದು, ಇವೆಲ್ಲ ಇನ್ನೊಂದು ಕಾರಣ. ಇವು ಯಾವುದೂ ಸ್ಪೆಸಿಫಿಕೇಷನ್ ಪಟ್ಟಿಯಲ್ಲಿ ಬರಲ್ಲ.

ಒಳಗಿರೋದು ಯೂನಿವರ್ಸಲ್ ಮೋಟರ್. ಫೀಲ್ಡ್ ಮತ್ತು ಆರ್ಮೇಚರ್ ಸೀರೀಸ್‌ನಲ್ಲಿರುತ್ತೆ, ಎಸಿ ಡಿಸಿ ಎರಡಕ್ಕೂ ಓಡುತ್ತೆ. ಟ್ರಿಪಲ್ ಇ ಗೆಳೆಯರಿಗೆ ಇದು ಗೊತ್ತೇ ಇದೆ; ಬೇರೆಯವರಿಗೆ ಒಂದು ಮಾತು: ಲೋಡ್ ಇಲ್ಲದಾಗ ಇದು ಹುಚ್ಚು ಕುದುರೆ, ಲೋಡ್ ಬಿದ್ದಂತೆ ವೇಗ ಇಳಿದು ಟಾರ್ಕ್ ಏರುತ್ತೆ. ಖಾಲಿ ಜಾರಿನಲ್ಲಿ ನಿಮಿಷಕ್ಕೆ 18,000 ಸುತ್ತು ಅಂತಿಟ್ಟುಕೊಳ್ಳಿ. 6 ಸೆಂಟಿಮೀಟರ್ ವ್ಯಾಸದ ಬ್ಲೇಡಿನ ತುದಿ ಸೆಕೆಂಡಿಗೆ 56 ಮೀಟರ್, ಅಂದ್ರೆ ಗಂಟೆಗೆ 200 ಕಿಲೋಮೀಟರ್ ದಾಟಿ ಓಡ್ತಿರುತ್ತೆ. ಚಟ್ನಿ ಮಾಡೋ ಜಾಗದಲ್ಲಿ ವಂದೇ ಭಾರತ್! ನೆನೆದ ಬೇಳೆ ಹಾಕಿದ ಕೂಡಲೇ ಆ ವೇಗ ಸರ್ರನೆ ಇಳಿಯುತ್ತೆ. 1, 2, 3 ಅಂತ ತಿರುಗಿಸ್ತೀವಲ್ಲ, ಸಾಮಾನ್ಯವಾಗಿ ಅದು ಫೀಲ್ಡ್ ವೈಂಡಿಂಗ್‌ನ ಬೇರೆ ಬೇರೆ ಟ್ಯಾಪಿಂಗ್ ಅಷ್ಟೆ. ಸುತ್ತು ಕಡಿಮೆಯಾದ್ರೆ ಫ್ಲಕ್ಸ್ ಕಡಿಮೆ, ಫ್ಲಕ್ಸ್ ಕಡಿಮೆಯಾದ್ರೆ ವೇಗ ಜಾಸ್ತಿ.

ಇಲ್ಲೊಂದು ತಮಾಷೆ ಇದೆ. ಮೋಟರನ್ನು ತಣ್ಣಗಿಡೋ ಫ್ಯಾನ್ ಕೂಡ ಅದೇ ಶಾಫ್ಟಿಗೆ ಕೂತಿರುತ್ತೆ. ಕಾಯಿಚೂರು ಬ್ಲೇಡಿಗೆ ಸಿಕ್ಕಿಕೊಂಡು ಮೋಟರ್ ಗೊರಗೊರ ಅಂತ ಒದ್ದಾಡುವಾಗ ಬ್ಯಾಕ್ ಇಎಂಎಫ್ ಕುಸಿದು ಕರೆಂಟ್ ಏರುತ್ತೆ, ವೈಂಡಿಂಗ್ ಬಿಸಿ ಕರೆಂಟಿನ ವರ್ಗದಲ್ಲಿ ಏರುತ್ತೆ, ಅದೇ ಹೊತ್ತಿಗೆ ಫ್ಯಾನ್ ನಿಧಾನವಾಗುತ್ತೆ. ಗಾಳಿ ಬೇಕಾದಾಗಲೇ ಗಾಳಿ ಇಲ್ಲ. ಮಿಕ್ಸಿ ಸುಡೋದು ವ್ಯಾಟ್ ಕಡಿಮೆ ಅಂತಲೇ ಅಲ್ಲ, ಹೀಗೆ ಒದ್ದಾಡಿಸಿ ಸುಡೋದೂ ಇದೆ. ತಿರುಗಿಸಿ ನೋಡಿದ್ರೆ ಎಷ್ಟೋ ಮಿಕ್ಸಿಗಳ ಹೊಟ್ಟೆಯಲ್ಲಿ ಒಂದು ಕೆಂಪು ಗುಂಡಿ ಇರುತ್ತೆ, ಓವರ್‌ಲೋಡ್ ಸ್ವಿಚ್. ಅದು ಟ್ರಿಪ್ ಆದ್ರೆ "ಮಿಕ್ಸಿ ಕೆಟ್ಟೋಯ್ತು" ಅಂತ ಪಕ್ಕದ ಮನೆಗೆ ಸಾಲ ಕೇಳೋಕೆ ಹೋಗಬೇಕಿಲ್ಲ. ಪ್ಲಗ್ ತೆಗೆದು, ಸ್ವಲ್ಪ ಹೊತ್ತು ಆರಲು ಬಿಟ್ಟು, ಜಾರಿನ ಭಾರ ಇಳಿಸಿ, ಗುಂಡಿ ಒತ್ತಿದ್ರೆ ಆಯ್ತು.

ಹಾಗಂತ ಪವರ್ ಬೇಡವೇ ಬೇಡ ಅಂತಿಲ್ಲ. ನಮ್ಮ ಅಡುಗೆಮನೆಗೆ ಗಟ್ಟಿ ಮೋಟರ್ ಬೇಕು ಅನ್ನೋದನ್ನ ಕಲಿಸಿದ್ದೇ ಒಂದು ಸುಟ್ಟ ಮಿಕ್ಸರ್. 1960ರ ದಶಕದ ಮಾತು. ಸತ್ಯಪ್ರಕಾಶ್ ಮಾಥುರ್ ಅನ್ನೋ ಎಂಜಿನಿಯರ್ ಮನೆಯಲ್ಲಿ ಜರ್ಮನಿಯ ಬ್ರಾನ್ ಮಿಕ್ಸರ್ ಇತ್ತು. ಹಣ್ಣು, ಕ್ರೀಮು, ಮೆತ್ತನೆಯ ಪದಾರ್ಥಕ್ಕೆ ಅಂತ ಹುಟ್ಟಿದ್ದಕ್ಕೆ ನಮ್ಮ ಬೇಳೆ, ಮಸಾಲೆ ತಡೆಯಲಿಲ್ಲ. ಅವರ ಹೆಂಡತಿ ಮಾಧುರಿ ಮಾಥುರ್ ಇದಕ್ಕೊಂದು ದಾರಿ ಹುಡುಕಿ ಅಂದ್ರು. ಅಲ್ಲಿಂದ ಹುಟ್ಟಿದ್ದು ಸುಮೀತ್ ಮಿಕ್ಸಿ. ನಮ್ಮ ಅಜ್ಜಿಯಂದಿರು ಎಷ್ಟೋ ಜನ ಇವತ್ತಿಗೂ ಮಿಕ್ಸಿ ಅಂದ್ರೆ ಸುಮೀತ್ ಅಂತಲೇ ನೆನೆಸ್ತಾರೆ. ನನಗೆ ಈ ಕಥೆಯಲ್ಲಿ ಇಷ್ಟವಾಗೋದು ಮೋಟರ್ ಅಲ್ಲ. ರುಬ್ಬೋರು ತಮ್ಮ ತೊಂದರೆ ಹೇಳಿದ್ರು, ಎಂಜಿನಿಯರ್ ಕೇಳಿಸಿಕೊಂಡ್ರು. ನಾವು ಸೇಲ್‌ನಲ್ಲಿ ಮಿಕ್ಸಿ ಕೊಳ್ಳುವಾಗ ಬಿಟ್ಟುಬಿಡೋದು ಇದನ್ನೇ.

ಈಗ ಇನ್ನೊಂದು ಹುಚ್ಚು ಬಂದಿದೆ, ಅಮೆರಿಕದ ಹೈ ಪವರ್ ಬ್ಲೆಂಡರ್. ವಿಟಮಿಕ್ಸ್, ಬ್ಲೆಂಡ್‌ಟೆಕ್ ಹೆಸರು ಕೇಳಿರ್ತೀರಿ. ಬ್ಲೆಂಡ್‌ಟೆಕ್ ಸ್ಥಾಪಕ ಟಾಮ್ ಡಿಕ್ಸನ್ ಬಿಳಿ ಕೋಟು ಹಾಕಿಕೊಂಡು ಐಫೋನ್ ಪುಡಿ ಮಾಡೋ ವಿಡಿಯೋ ನೋಡದವರು ಯಾರಿದ್ದಾರೆ? ಆ ಸರಣಿ ಶುರುವಾಗಿದ್ದು 2006ರಲ್ಲಿ. ವಿದೇಶದಲ್ಲಿರೋ ಅಣ್ಣಂದಿರು ಊರಿಗೆ ಬರುವಾಗ ಇಂಥದ್ದೊಂದು ಹೊತ್ತು ತರೋದೂ ಉಂಟು. ಆಮೇಲೆ ಗೊತ್ತಾಗೋದು ಅದು ಅಲ್ಲಿನ 120 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು ಅಂತ. ನಮ್ಮ 230ಕ್ಕೆ ನೇರವಾಗಿ ಚುಚ್ಚಿದ್ರೆ ಕಥೆ ಮುಗೀತು. ಟ್ರಾನ್ಸ್‌ಫಾರ್ಮರ್ ಹಾಕಿದ್ರೆ ಮಿಕ್ಸಿಗಿಂತ ಅದೇ ಭಾರ.

ಅಲ್ಲಿನ ಜಾಹೀರಾತಿನ ಲೆಕ್ಕವೂ ಒಂದು ಸಲ ನೋಡಬೇಕಾದ್ದೇ. "3 ಪೀಕ್ ಹಾರ್ಸ್‌ಪವರ್" ಅಂತ ಬರೆದಿರ್ತಾರೆ. 1 ಹಾರ್ಸ್‌ಪವರ್ ಅಂದ್ರೆ 746 ವ್ಯಾಟ್, ಮೂರಕ್ಕೆ 2238. ಅಮೆರಿಕದ ಸಾಮಾನ್ಯ ಸಾಕೆಟ್ 15 ಆಂಪಿಯರ್, 120 ವೋಲ್ಟ್. ಗುಣಿಸಿದ್ರೆ 1800 ವ್ಯಾಟ್. ಗೋಡೆಯಿಂದಲೇ ಬರದ ಪವರ್ ಬ್ಲೇಡಿಗೆ ಎಲ್ಲಿಂದ ಬರಬೇಕು? ಪೀಕ್ ಅನ್ನೋದು ಕ್ಷಣಮಾತ್ರದ ಮಾತು, ನಿಂತು ರುಬ್ಬೋ ಮಾತಲ್ಲ. ಇದೇ ಗುಣಾಕಾರವನ್ನ ನಮ್ಮ ಮನೆಗೂ ಹಚ್ಚಿ. 6 ಆಂಪಿಯರ್ ಸಾಕೆಟ್‌ಗೆ 230 ವೋಲ್ಟ್ ಅಂದ್ರೆ 1380 ವ್ಯಾಟ್. 1400 ವ್ಯಾಟಿನ ಯಂತ್ರ ತಂದ್ರೆ ದೊಡ್ಡ ಪ್ಲಗ್ ಪಾಯಿಂಟ್ ಬೇಕು. ಹಳೇ ಬಾಡಿಗೆ ಮನೆಗಳ ಅಡುಗೆಮನೆಯಲ್ಲಿ ಅಂಥ ಪಾಯಿಂಟ್ ಒಂದಿದ್ರೆ ಹೆಚ್ಚು. ಅದಕ್ಕೂ ಫ್ರಿಜ್ಜೋ ಗೀಸರ್ರೋ ಮೊದಲೇ ಸೀಟು ಹಿಡಿದಿರುತ್ತೆ.

ಆದ್ರೆ ಈ ಬ್ಲೆಂಡರ್‌ಗಳು ನಿಜಕ್ಕೂ ಒಂದು ಚಮತ್ಕಾರ ಮಾಡ್ತವೆ. ತಣ್ಣೀರು ಹಾಕಿ ತರಕಾರಿ ರುಬ್ಬುತ್ತಾ ಹೋದ್ರೆ ಒಲೆಯೇ ಇಲ್ಲದೆ ಬಿಸಿ ಸೂಪ್ ಸಿಗುತ್ತೆ. ಮಾಟವಲ್ಲ, ಹೈಸ್ಕೂಲ್ ಭೌತಶಾಸ್ತ್ರ. ಬ್ಲೇಡಿಗೆ ಬಂದ ಪವರ್ ಪೂರ್ತಿ ಕೊನೆಗೆ ಶಾಖವಾಗಿ ಜಾರಿನೊಳಗೇ ಉಳಿಯುತ್ತೆ. ಒಂದೂವರೆ ಲೀಟರ್ ನೀರನ್ನ 25ರಿಂದ 75 ಡಿಗ್ರಿಗೆ ಏರಿಸೋಕೆ 315 ಕಿಲೋಜೌಲ್ ಬೇಕು. ಬ್ಲೇಡಿಗೆ 1000 ವ್ಯಾಟ್ ಸಿಕ್ತಿದ್ರೆ ಐದು ನಿಮಿಷದ ಮೇಲೆ ಚೂರು. ಸರಿಯಾಗೇ ಕೂಡುತ್ತೆ.

ಇದನ್ನೇ ಈಗ ಇಡ್ಲಿ ಹಿಟ್ಟಿಗೆ ಅನ್ವಯಿಸಿ. 1 ಕೆಜಿ ಹಿಟ್ಟು, ಬ್ಲೇಡಿಗೆ 400 ವ್ಯಾಟ್ ಅಂತ ಹಿಡಿದ್ರೂ ನಿಮಿಷಕ್ಕೆ ಹತ್ತಿರ ಹತ್ತಿರ 7 ಡಿಗ್ರಿ ಏರುತ್ತೆ. ನಾಲ್ಕು ನಿಮಿಷ ಬಿಡದೆ ರುಬ್ಬಿದ್ರೆ ಹಿಟ್ಟು ಕೈಗೆ ಬೆಚ್ಚಗಲ್ಲ, ಬಿಸಿಯಾಗೇ ಹತ್ತುತ್ತೆ. ಇಡ್ಲಿ ಹಿಟ್ಟು ಹುದುಗಿಸೋ ಬ್ಯಾಕ್ಟೀರಿಯಾಕ್ಕೆ ಅಷ್ಟು ಬಿಸಿ ಆಗಿಬರಲ್ಲ. ಅಮ್ಮಂದಿರು ರುಬ್ಬುವಾಗ ಮಧ್ಯೆ ಮಧ್ಯೆ ನಿಲ್ಲಿಸೋದು, ತಣ್ಣೀರು ಚಿಮುಕಿಸೋದು, ಕೆಲವರು ಐಸ್ ತುಂಡು ಹಾಕೋದು ಸುಮ್ಮನೆ ಅಲ್ಲ. ಥರ್ಮೋಡೈನಮಿಕ್ಸ್ ಬ್ಯಾಕ್‌ಲಾಗ್ ಇಲ್ಲದೆ ಪಾಸಾದವರು ಅವರು.

ಹೋಲಿಕೆಗೆ ವೆಟ್ ಗ್ರೈಂಡರ್ ನೋಡಿ. ಕೊಯಮತ್ತೂರಿನ ವೆಟ್ ಗ್ರೈಂಡರ್‌ಗೆ ನಮ್ಮ ಮೈಸೂರು ರೇಷ್ಮೆಗಿರೋ ಹಾಗೆ ಜಿಐ ಟ್ಯಾಗೇ ಇದೆ. ಟೇಬಲ್ ಮೇಲಿಡೋ ಮಾಡೆಲ್‌ನಲ್ಲಿ ಸಾಮಾನ್ಯವಾಗಿ ಇರೋದು 150 ವ್ಯಾಟ್ ಮೋಟರ್. ಲೆಕ್ಕಕ್ಕೆ ಹೀಗಂದುಕೊಳ್ಳಿ: ಅದರಲ್ಲಿ ಅರ್ಧ ಪಾತ್ರೆಗೆ ಸಿಗುತ್ತೆ, ಪಾತ್ರೆ ನಿಮಿಷಕ್ಕೆ 150 ಸುತ್ತು ತಿರುಗುತ್ತೆ. ಪವರ್ ಅನ್ನೋದು ಟಾರ್ಕ್ ಗುಣಿಸು ಕೋನೀಯ ವೇಗ. ಟಾರ್ಕ್ 4.8 ನ್ಯೂಟನ್ ಮೀಟರ್ ಹತ್ತಿರ ಬರುತ್ತೆ. 750 ವ್ಯಾಟ್ ಮಿಕ್ಸಿ ಲೋಡಿನಲ್ಲಿ 10,000 ಸುತ್ತಿನಲ್ಲಿ ಓಡ್ತಾ ಬ್ಲೇಡಿಗೆ 55 ಪರ್ಸೆಂಟ್ ಕೊಡ್ತಿದೆ ಅಂದ್ರೆ ಟಾರ್ಕ್ 0.4 ಆಸುಪಾಸು. ಐದನೇ ಒಂದು ಭಾಗ ವ್ಯಾಟ್, ಹನ್ನೆರಡು ಪಟ್ಟು ಟಾರ್ಕ್! ಒರಳುಕಲ್ಲಿನ ಗುಂಡು ಮಾಡ್ತಿದ್ದ ಕೆಲಸವೂ ಇದೇ ಜಾತಿಯದ್ದು, ನಿಧಾನಕ್ಕೆ ಅರೆಯೋದು. ಮಿಕ್ಸಿ ಮಾಡೋದು ಕೊಚ್ಚೋದು. ಎರಡೂ ಬೇರೆ ಬೇರೆ ಕೆಲಸ. ವ್ಯಾಟ್ ಏರಿಸಿದ್ರೆ ಕೊಚ್ಚೋದು ಅರೆಯೋದಾಗಲ್ಲ. ವಾರಕ್ಕೆ ಮೂರು ದಿನ ದೋಸೆ ಇಡ್ಲಿ ಮಾಡೋ ಮನೆಗೆ 1200 ವ್ಯಾಟ್ ಮಿಕ್ಸಿ ಕೊಡೋ ದುಡ್ಡಲ್ಲಿ ಒಂದು ಗ್ರೈಂಡರ್ ಕೊಡಬಹುದಲ್ವಾ ಅಂತ ಒಂದ್ಸಲ ಯೋಚಿಸಿ.

ಯಾವ ಮನೆಯಲ್ಲಿ ಏನು ರುಬ್ತಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ, ಇದನ್ನ ವೆಬ್‌ಸೈಟ್‌ನ ಫಿಲ್ಟರ್ ಕೇಳಲ್ಲ. ಕರಾವಳಿ ಗೆಳೆಯರ ಮನೆಯಲ್ಲಿ ದಿನಾ ತೆಂಗಿನಕಾಯಿ, ಮೆಣಸು, ಹುಣಸೆಹಣ್ಣು ಹಾಕಿ ಬೆಣ್ಣೆಯಂತೆ ಅರೆಯಬೇಕು. ಕೈಗೆ ತರಿ ಸಿಕ್ಕಿದ್ರೆ ಗಸಿ ಕೆಟ್ಟಂತೆ. ಅಲ್ಲಿ ಬೇಕಾದ್ದು ಒಳ್ಳೆ ವೆಟ್ ಜಾರ್. ಧಾರವಾಡ ಕಡೆಯವರಿಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ತರಿತರಿಯಾಗಿರಬೇಕು. ಹೈ ಸ್ಪೀಡ್‌ನಲ್ಲಿ ಒಂದು ನಿಮಿಷ ಬಿಟ್ರೆ ಶೇಂಗಾ ಎಣ್ಣೆ ಬಿಟ್ಟು ಪೀನಟ್ ಬಟರ್ ಆಗುತ್ತೆ, ಅಜ್ಜಿ ಬಯ್ತಾರೆ. ಅವರಿಗೆ ಬೇಕಾದ್ದು ಬಿಟ್ಟುಬಿಟ್ಟು ಓಡಿಸೋ ಪಲ್ಸ್ ಗುಂಡಿ ಸರಿಯಾಗಿರೋ ಮಿಕ್ಸಿ. ಹಾಸನ, ಮಂಡ್ಯ ಕಡೆ ಮುದ್ದೆ ಸಾರಿಗೆ ಈರುಳ್ಳಿ, ಕಾಯಿ, ಕೊತ್ತಂಬರಿ ರುಬ್ಬೋಕೆ 500 ವ್ಯಾಟೂ ಸಾಕಾಗುತ್ತೆ. ಇಬ್ಬರೇ ಇರೋ ಮನೆಯಲ್ಲಿ ಅಪ್ಪ ಅಮ್ಮ ಮಾಡೋದು ಅರ್ಧ ಬಟ್ಟಲು ಚಟ್ನಿ. ಎರಡು ಲೀಟರಿನ ಎತ್ತರದ ಬ್ಲೆಂಡರ್ ಜಾರಿಗೆ ಆ ಅರ್ಧ ಬಟ್ಟಲು ಹಾಕಿದ್ರೆ ಅದು ಗೋಡೆಗೆ ಅಂಟಿಕೊಂಡು ಕೂರುತ್ತೆ, ಬ್ಲೇಡ್ ಗಾಳಿ ರುಬ್ಬುತ್ತೆ. ಅವರಿಗೆ 400 ಎಂಎಲ್‌ನ ಪುಟ್ಟ ಚಟ್ನಿ ಜಾರೇ ದೇವರು. ವಿಟಮಿಕ್ಸ್‌ನವರು ಒಣ ಧಾನ್ಯಕ್ಕೆ ಬೇರೆಯೇ ಜಾರ್ ಮಾರ್ತಾರೆ. ನಮ್ಮ ಮಿಕ್ಸಿ ಡಬ್ಬದಲ್ಲಿ ಮೂರು ಜಾರ್ ಮೊದಲೇ ಇರುತ್ತೆ. ಈ ವಿಷಯದಲ್ಲಿ ನಮ್ಮ ಕಂಪನಿಗಳಿಗೆ ಭೇಷ್ ಅನ್ನಲೇಬೇಕು.

ಇನ್ನು ದೊಡ್ಡ ಮೋಟರ್ ನಿಜವಾಗಿ ಬೇಕಾದವರೂ ಇದ್ದಾರೆ. ಹತ್ತು ಹದಿನೈದು ಜನರ ಕೂಡುಕುಟುಂಬ, ಮನೆಯಲ್ಲೇ ಸಾರಿನಪುಡಿ ಮಾಡಿ ಮಾರೋರು, ದಿನಕ್ಕೆ ಅರ್ಧ ಗಂಟೆ ಮಿಕ್ಸಿ ಮುಂದೆ ನಿಲ್ಲೋರು. ಊರಲ್ಲಿ ಸಂಜೆ ಹೊತ್ತು ವೋಲ್ಟೇಜ್ ಬೀಳುತ್ತೆ ಅನ್ನೋರೂ ಈ ಗುಂಪಿಗೇ ಸೇರ್ತಾರೆ. ಸೀರೀಸ್ ಮೋಟರಿನ ಸ್ಟಾರ್ಟಿಂಗ್ ಟಾರ್ಕ್ ಸುಮಾರಾಗಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ. 230 ಇರಬೇಕಾದ ಕಡೆ 180 ಇದ್ರೆ ಸಿಗೋದು ಆರಾಣೆ ಕಮ್ಮಿ, ಅಂದ್ರೆ 61 ಪರ್ಸೆಂಟ್. ಅಲ್ಲಿ 1000 ವ್ಯಾಟ್ ದುಂದಲ್ಲ. ಅರಿಶಿನದ ಕೊಂಬು ಪುಡಿ ಮಾಡೋಕೆ ಮಾತ್ರ ಯಾವ ವ್ಯಾಟೂ ಬೇಡ ಮಾರಾಯ್ರೆ, ಗಿರಣಿ ಅಂತ ಒಂದಿದೆ, ಅಲ್ಲಿಗೆ ಕೊಡಿ. ಮತ್ತೊಂದು, ಎಷ್ಟೇ ದೊಡ್ಡ ಮೋಟರ್ ಇದ್ರೂ ತಳದಲ್ಲಿರೋ ಲೇಬಲ್ ಓದಿ. "30 ಮಿನಿಟ್ಸ್ ರೇಟಿಂಗ್" ಅಂತ ಇರುತ್ತೆ. ಹಾಗಂದ್ರೆ ಅರ್ಧ ಗಂಟೆ ಒಂದೇ ಸಮ ಓಡಿಸಿ ಅಂತ ಅಲ್ಲ. ಎಷ್ಟು ನಿಮಿಷ ಓಡಿಸಿ ಎಷ್ಟು ನಿಮಿಷ ನಿಲ್ಲಿಸಬೇಕು ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಗೃಹಬಳಕೆಯ ಮಿಕ್ಸಿಗೆ ಐಎಸ್ 4250 ಅನ್ನೋ ಭಾರತೀಯ ಮಾನಕವೇ ಇದೆ. ಐಎಸ್‌ಐ ಮಾರ್ಕಿನ ಜೊತೆ ಆ ನಂಬರ್ ಇದೆಯಾ ನೋಡೋದು 1000 ಅನ್ನೋ ಅಂಕಿ ನೋಡೋದಕ್ಕಿಂತ ಹೆಚ್ಚು ಉಪಯೋಗ.

ನನ್ನ ಮುಖ್ಯ ಜಗಳ ಇರೋದು ರಿಪೇರಿ ಬಗ್ಗೆ. ಮಿಕ್ಸಿಯಲ್ಲಿ ಸವೆಯೋ ಸಾಮಾನುಗಳು ನಾಲ್ಕೈದು: ಕಾರ್ಬನ್ ಬ್ರಷ್, ಕಪ್ಲರ್, ಜಾರಿನ ಬುಷ್, ಮುಚ್ಚಳದ ವಾಷರ್, ಬ್ಲೇಡ್. ಕಪ್ಲರ್ ಬೇಕಂತಲೇ ಮೆತ್ತನೆಯದಾಗಿರುತ್ತೆ. ಬ್ಲೇಡ್ ಸಿಕ್ಕಿಕೊಂಡಾಗ ಮೊದಲು ಅದರ ಹಲ್ಲು ಹೋಗಲಿ, ಮೋಟರ್ ಉಳಿಯಲಿ ಅಂತ. ಒಂಥರಾ ಮೆಕ್ಯಾನಿಕಲ್ ಫ್ಯೂಸ್. ಒಂದೆರಡು ಮಸಾಲೆದೋಸೆ ದುಡ್ಡಿಗೆ ಹೊಸದು ಬರುತ್ತೆ. ನಮ್ಮ ತಾಲ್ಲೂಕಿನಲ್ಲಿ ಬಸ್‌ಸ್ಟ್ಯಾಂಡ್ ಹಿಂದೆ "ಮಿಕ್ಸಿ, ಕುಕ್ಕರ್, ಸ್ಟೌ ರಿಪೇರಿ ಮಾಡಲಾಗುವುದು" ಅನ್ನೋ ಬೋರ್ಡಿನ ಅಂಗಡಿ ಇದೆ, ಆರಡಿ ಅಗಲ. ಅಲ್ಲಿ ಕೂತ ಅಣ್ಣ ಸದ್ದು ಕೇಳಿಯೇ ಬುಷ್ ಹೋಗಿದೆಯೋ ಬ್ರಷ್ ಹೋಗಿದೆಯೋ ಹೇಳ್ತಾರೆ. ನಮ್ಮ ಮನೆಯ ಹಳೇ ಮಿಕ್ಸಿ ಅವರ ಕೈಯಲ್ಲಿ ಹದಿನಾಲ್ಕು ವರ್ಷ ಓಡಿತು. ಆಮೇಲೆ ಬಂದ ಹೊಸ, ಜಾಸ್ತಿ ವ್ಯಾಟಿನದಕ್ಕೆ ಮೂರನೇ ವರ್ಷ ಜಾರಿನ ಲಾಕ್ ಮುರಿಯಿತು. ಸರ್ವಿಸ್ ಸೆಂಟರ್‌ನವರು ಹೇಳಿದ್ದು ಒಂದೇ ಮಾತು: "ಆ ಮಾಡೆಲ್ ನಿಂತೋಯ್ತು ಮೇಡಂ, ಜಾರ್ ಬರಲ್ಲ, ಎಕ್ಸ್‌ಚೇಂಜ್‌ನಲ್ಲಿ ಹೊಸದು ತಗೊಳ್ಳಿ." ಮೋಟರ್ ಜಬರ್ದಸ್ತಾಗಿದೆ, ಕೂರಿಸೋಕೆ ಜಾರಿಲ್ಲ. ಬಸ್‌ಸ್ಟ್ಯಾಂಡ್ ಅಣ್ಣನೂ ಕೈಚೆಲ್ಲಿದ್ರು, ಆ ಲಾಕಿನ ಅಚ್ಚು ಬೇರೆ ಯಾವ ಜಾರಿಗೂ ಹೊಂದಲ್ಲ. ಅಟ್ಟದ ಮೇಲೆ ಕೂತಿರೋ ಆ ಮೋಟರನ್ನ ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ಕೇಂದ್ರ ಸರ್ಕಾರ 2022ರಲ್ಲಿ ರೈಟ್ ಟು ರಿಪೇರಿ ಪೋರ್ಟಲ್ ಶುರು ಮಾಡಿತು, ಗೃಹಬಳಕೆ ವಸ್ತುಗಳೂ ಅದರ ವ್ಯಾಪ್ತಿಯಲ್ಲಿವೆ. ಒಳ್ಳೇದೇ. ಆದ್ರೆ ತಾಲ್ಲೂಕಿನ ಅಂಗಡಿಯಲ್ಲಿ ಜಾರ್ ಸಿಗದಿದ್ರೆ ಪೋರ್ಟಲ್ ತಗೊಂಡು ಚಟ್ನಿ ರುಬ್ಬೋಕಾಗಲ್ಲ. ಈಗ ಬಿಎಲ್‌ಡಿಸಿ ಮೋಟರಿನ ಮಿಕ್ಸಿಗಳೂ ಬರ್ತಿವೆ. ಬ್ರಷ್ ಇಲ್ಲ, ಕಡಿಮೆ ಕರೆಂಟಿನಲ್ಲಿ ಅದೇ ಕೆಲಸ. ಎಂಜಿನಿಯರಾಗಿ ನನಗೆ ಬಹಳ ಇಷ್ಟ. ಅಮ್ಮನ ಮಗನಾಗಿ ಒಂದು ಅನುಮಾನ: ಒಳಗಿನ ಕಂಟ್ರೋಲರ್ ಬೋರ್ಡ್ ಕೈಕೊಟ್ರೆ ನಮ್ಮೂರಲ್ಲಿ ಯಾರು ನೋಡ್ತಾರೆ? ಬೆಂಗಳೂರಲ್ಲಿ ಇರೋರು ಧೈರ್ಯವಾಗಿ ತಗೊಳ್ಳಿ. ಊರಿಗೆ ಕಳಿಸೋರು ಆ ಊರಲ್ಲಿ ಸರ್ವಿಸ್ ಇದೆಯಾ ಅಂತ ಫೋನ್ ಮಾಡಿ ಕೇಳಿ, ಆಮೇಲೆ ಆರ್ಡರ್ ಹಾಕಿ.

ಅಮ್ಮನ ಮಗ ಅಂದೆನಲ್ಲ, ಅಲ್ಲೂ ಒಂದು ಮಾತಿದೆ. ಮಿಕ್ಸಿ ಅಮ್ಮನಿಗೇ ಉಡುಗೊರೆ ಯಾಕೆ? ಚಟ್ನಿ ಎಲ್ಲರೂ ತಿಂತಾರೆ. ಅಪ್ಪನ ಹುಟ್ಟುಹಬ್ಬಕ್ಕೆ ಮಿಕ್ಸಿ ಕೊಟ್ಟವರು ನಮ್ಮ ಬ್ಯಾಚಿನಲ್ಲಿ ಒಬ್ಬರಾದ್ರೂ ಇದ್ರೆ ನನಗೆ ಹೇಳಿ, ಮುಂದಿನ ಸಂಚಿಕೆಗೆ ಸಂದರ್ಶನ ಮಾಡೋಣ. ಸದ್ಯಕ್ಕೆ ಮನೆಮನೆಯಲ್ಲೂ ರುಬ್ಬೋರು ಅವರೇ ಆಗಿರೋದ್ರಿಂದ, ಕನಿಷ್ಠ ಅವರನ್ನ ಕೇಳಬೇಕು. ಕೇಳಿದ್ರೆ ಬರೋ ಉತ್ತರದಲ್ಲಿ ವ್ಯಾಟ್ ಇರಲ್ಲ. ನಮ್ಮಮ್ಮನ ಪಟ್ಟಿ ಇದು: ಮುಚ್ಚಳ ಒಂದು ಕೈಯಲ್ಲಿ ತೆಗೆಯೋಕೆ ಬರಬೇಕು, ಮಣಿಕಟ್ಟು ನೋಯುತ್ತೆ. ಜಾರ್ ತುಂಬಿದಾಗ ಎತ್ತೋಕಾಗಬೇಕು. ಬೆಳಿಗ್ಗೆ ಐದೂವರೆಗೆ ಹಾಕಿದ್ರೆ ಪಕ್ಕದ ಮನೆ ಮಗು ಏಳಬಾರದು. ಬ್ಲೇಡಿನ ಕೆಳಗೆ ಸೇರಿಕೊಂಡ ಹಿಟ್ಟು ತೊಳೆಯೋಕೆ ಬರಬೇಕು. ವೈರ್ ಇನ್ನೂ ಒಂದಡಿ ಉದ್ದ ಇರಬೇಕು. ಐದರಲ್ಲಿ ಒಂದನ್ನೂ ನಾನು ಆನ್‌ಲೈನಿನಲ್ಲಿ ನೋಡಿ ಹೇಳೋಕಾಗಲ್ಲ. ಅದಕ್ಕೇ ಅಂಗಡಿಗೆ ಅವರನ್ನೇ ಕರೆದುಕೊಂಡು ಹೋಗಿ ಅನ್ನೋದು. ನಾಲ್ಕೈದು ನೂರು ರೂಪಾಯಿ ಜಾಸ್ತಿಯಾಗಬಹುದು. ಮುಚ್ಚಳ ಅವರೇ ಹಾಕಿ ತೆಗೆದು ನೋಡಲಿ, ತುಂಬಿದ ನೀರಿನ ಜಾರ್ ಎತ್ತಲಿ, ಅಂಗಡಿಯವರಿಗೆ ಹೇಳಿ ಒಂದ್ಸಲ ಆನ್ ಮಾಡಿಸಿ ಸದ್ದು ಕೇಳಲಿ.

ಪಿಜಿ ಬಿಟ್ಟು ನಾಲ್ಕು ಜನ ಸೇರಿ ರೂಮ್ ಮಾಡ್ತಿರೋರಿಗೆ: 500 ವ್ಯಾಟ್, ಎರಡು ಜಾರ್, ಸೆಕೆಂಡ್ ಹ್ಯಾಂಡ್ ಆದ್ರೂ ನಡೆಯುತ್ತೆ. ಆದ್ರೆ ಬೇಯಿಸಿದ ಟೊಮ್ಯಾಟೋ ಬಿಸಿಬಿಸಿಯಾಗಿ ಜಾರಿಗೆ ಸುರಿದು ಮುಚ್ಚಳ ಒತ್ತಿ ಹಿಡಿದು ಸ್ವಿಚ್ ಹಾಕಬೇಡಿ. ಒಳಗಿನ ಹಬೆ, ಗಾಳಿ ಒಮ್ಮೆಲೇ ಹಿಗ್ಗಿ ಮುಚ್ಚಳ ಹಾರುತ್ತೆ, ಸಾರು ಸೀಲಿಂಗಿಗೆ ಹೋಗುತ್ತೆ, ಕೈ ಮುಖ ಸುಡುತ್ತೆ. ಆರಿದ ಮೇಲೆ ರುಬ್ಬಿ. ಬ್ಲೇಡಿನ ಹತ್ರ ಸಿಕ್ಕಿಕೊಂಡಿದ್ದನ್ನ ಬೆರಳು ಹಾಕಿ ಬಿಡಿಸೋ ಮುಂಚೆ ಜಾರನ್ನ ಮಿಕ್ಸಿಯಿಂದ ಇಳಿಸಿ. ಸ್ವಿಚ್ ಆಫ್ ಇದೆ ಅಂತ ರೂಮ್‌ಮೇಟ್ ಹೇಳಿದ್ದನ್ನ ನಂಬಬೇಡಿ.